ಡ್ರೋನಿಗೂ ಒಂದು ಕೊಟ್ಟೆ

ನಮ್ಮ ಶಿರಸಿ ಸೀಮೆಯಲ್ಲಿ ಮಳೆಗಾಲಕ್ಕೆ ಮುಂಚೆ ಮುಚ್ಚಿಗೆ ಕಾಣದ ವಸ್ತುವಿಲ್ಲ. ಎರಚಲು ಹೊಡೆಯುವ ಗೋಡೆಗೆ ಸೋಗೆ ತಟ್ಟಿ, ತಲೆಗೆ ಕಂಬಳಿ ಕೊಪ್ಪೆ, ಕೊಳೆರೋಗ ಬಾರದಿರಲೆಂದು ಅಡಿಕೆ ಕೊನೆಗೆ ಕೊಟ್ಟೆ. ಹಿಂದೆ ಕರಡದ್ದು, ಈಗ ಪ್ಲಾಸ್ಟಿಕ್ಕಿನದು. ಕೊಟ್ಟೆ ಬೇಡವೆನ್ನುವವರು 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಕೂಡಿಸಿ ಬೋರ್ಡೋ ಹೊಡೆಸುತ್ತಾರೆ.

ಈ ಸಲ ಪಟ್ಟಿಗೆ ಡ್ರೋನೂ ಸೇರಿತು. ಅಣ್ಣನ ಮಗ ಕೈಯಾರೆ ಜೋಡಿಸಿದ್ದು. ತೋಟದ ಮೇಲೆ ಕೊಕ್ಕರೆಯಂತೆ ಹಾರಿ, ಕೆರೆ ಕಂಡೊಡನೆ ಕಪ್ಪೆಯಂತೆ ಧುಮುಕಿತು. ಹುಡುಗ ಮೊಣಕಾಲುದ್ದ ಕೆಸರಿಗಿಳಿದು ಎತ್ತಿದವನೇ ಮೊದಲು ಬ್ಯಾಟರಿ ಕಿತ್ತ. ಬರೀ ನೀರು ಅಷ್ಟು ಬೇಗ ಕೊಲ್ಲುವುದಿಲ್ಲವಂತೆ. ನೀರೂ ಕರೆಂಟೂ ಜೊತೆಯಾದರೆ ಕೆಲಸ ಕೆಟ್ಟಿತು.

ಮನೆಗೆ ತಂದು ಬಿಚ್ಚಿ ಹರಡಿದ್ದೇ ತಡ, ಅವನ ಚಿಕ್ಕಮ್ಮ ಬಂದಳು. ನೆನೆದ ಮೊಬೈಲಿಗೆ ಅಕ್ಕಿ ಡಬ್ಬವೇ ಮದ್ದೆಂಬುದು ನನ್ನವಳ ವೇದ. ತಿರುಪುಗಳ ಸಮೇತ ಎಲ್ಲವನ್ನೂ ಅಕ್ಕಿಯಲ್ಲಿ ಹೂತೇಬಿಟ್ಟಳು.

“ಅಕ್ಕಿಯಿಂದ ಏನೂ ಆಗಲ್ಲ ಚಿಕ್ಕಮ್ಮ, ಸಂದಿಗೆ ಹಿಟ್ಟು ಸೇರ್ತದೆ ಅಷ್ಟೆ” ಎಂದು ಅವನು ಹೆಕ್ಕಿ ಹೊರತೆಗೆದು ತೊಳೆಯಲು ಕೂತ. ಮೊದಲು ಶುದ್ಧ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲು. ನೆನೆದದ್ದನ್ನು ಮತ್ತೆ ನೆನೆಸುವುದು ನನಗೆ ಸರಿಕಾಣಲಿಲ್ಲ. ಕೆಸರಿನ ಲವಣ ಉಳಿದರೆ ಸರ್ಕ್ಯೂಟ್ ಬೋರ್ಡಿನ ತಾಮ್ರ ಮೈಲುತುತ್ತದ ಬಣ್ಣಕ್ಕೆ ತಿರುಗುತ್ತದೆ, ಆಲ್ಕೋಹಾಲಾದರೆ ಸಂದಿಯ ನೀರನ್ನೂ ಕರೆದುಕೊಂಡು ಆರಿಹೋಗುತ್ತದೆ ಎಂದ ಮೇಲೆ ಸುಮ್ಮನಾದೆ. ಬೋರ್ಡೋ ಕಲಸುವವನಿಗೆ ಅರ್ಥವಾಗುವ ಭಾಷೆ ಅದು.

ಮೋಟರುಗಳ ಚಿಂತೆ ಅವನಿಗೆ ಇರಲೇ ಇಲ್ಲ. ಮಿಕ್ಸಿಯಲ್ಲಿರುವಂತೆ ಕಾರ್ಬನ್ ಬ್ರಷ್ ಇದರಲ್ಲಿಲ್ಲ, ಸುತ್ತಿದ ತಂತಿಗೆ ಮೊದಲೇ ವಾರ್ನಿಷ್ ಅಂಗಿ, ನೀರೊಳಗೂ ತಿರುಗೀತು. ತುಕ್ಕಿಗೆ ಸೋಲುವುದು ಬೇರಿಂಗು. ನನ್ನ ಮಂಡಿಯ ಹಾಗೆ. ಅದಕ್ಕೊಂದು ಹನಿ ಎಣ್ಣೆ ಬಿಟ್ಟ.

ಆಮೇಲೆ ಬಂತು ಕೊಟ್ಟೆ. ಉಗುರುಬಣ್ಣದಂಥದೇ ಪುಟ್ಟ ಬಾಟಲಿ, ಮುಚ್ಚಳದಲ್ಲೇ ಬ್ರಷ್ಷು, ಒಳಗೆ ಸಿಲಿಕೋನ್ ಲೇಪ. ಒಂದು ಕೋಟು ಬಳಿದು, ಆರಿಸಿ, ದೀಪ ಆರಿಸಿದ. ಕಳ್ಳನೋಟು ಹಿಡಿಯುವ ನೇರಳೆ ಟಾರ್ಚು ಬಿಟ್ಟರೆ ಬೋರ್ಡು ದೀಪಾವಳಿಯ ಊರು: ಬಳಿದಲ್ಲೆಲ್ಲ ನೀಲಿ ಹೊಳಪು, ಬ್ರಷ್ಷು ತಪ್ಪಿದಲ್ಲಿ ಕತ್ತಲ ಕೇರಿ. ಆ ಕೇರಿಗಳಿಗೆಲ್ಲ ಎರಡನೇ ಕೋಟು.

ಯುಎಸ್‌ಬಿ ಕಿಂಡಿಗೂ ಒಂದು ಚಿಪ್ಪಿನ ತಲೆಗೂ ಮಾತ್ರ ಟೇಪು ಅಂಟಿಸಿದ್ದ. ಆ ಚಿಪ್ಪಿನಲ್ಲಿ ಸೂಜಿಮೊನೆಯಷ್ಟು ತೂತು. ಅಲ್ಲಿಂದ ಗಾಳಿಯ ಒತ್ತಡ ಅಳೆದು ಡ್ರೋನು ತಾನೆಷ್ಟು ಎತ್ತರದಲ್ಲಿದ್ದೇನೆಂದು ತಿಳಿಯುವುದು, ಬಳಿದರೆ ದಿಕ್ಕೆಟ್ಟಿತು.

ಚಾ ಕುಡಿಯಲು ಬಂದ, ಮರವೇರಿ ಕೊಟ್ಟೆ ಕಟ್ಟುವ ಕೊನೆಗೌಡ ಬಗ್ಗಿ ನೋಡಿದ. “ಬಿಡ್ಲೇಬೇಕಲ್ರಾ ಹೆಗಡೇರೆ. ಕೊಟ್ಟೆಗೂ ಕೆಳಗೆ ಬಾಯಿ ಬಿಡದಿದ್ರೆ ಒಳಗೇ ಬೆವತು ಕೊಳೀತದೆ.” ಹುಡುಗ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡ. ನನ್ನನ್ನು ಟಾರ್ಚು ಹಿಡಿಯಲು ನಿಲ್ಲಿಸಿದ್ದರು.

ಮೂರನೇ ದಿನ ಡ್ರೋನು ಹಾರಿತು. ನಾಲ್ಕು ಮೋಟರಿಗೆ 16 ತಿರುಪು ಬೇಕಿತ್ತು, ಸಿಕ್ಕಿದ್ದು 15. ಉಳಿದದ್ದು ಆಷಾಢದ ಒಂದು ಮಧ್ಯಾಹ್ನ ಅನ್ನದಲ್ಲಿ ನನ್ನ ದವಡೆಗೆ ಸಿಕ್ಕಿತು. ಅಷ್ಟು ದಿನ ಅಕ್ಕಿಯಲ್ಲೇ ಇದ್ದರೂ ತುಕ್ಕು ಹಿಡಿದಿತ್ತು. ತೊಳೆದು, ಏನೂ ಹೇಳದೆ, ನನ್ನವಳ ಎಲೆಯ ಪಕ್ಕದಲ್ಲಿಟ್ಟೆ.