ಹಾಜರಿ ಪುಸ್ತಕದ ದಿವ್ಯ ಸನ್ನಿಧಾನಕ್ಕೆ

ಪರಮಪೂಜ್ಯ ಶಾಲಾ ಹಾಜರಿ ಪುಸ್ತಕದವರ ದಿವ್ಯ ಸನ್ನಿಧಾನಕ್ಕೆ ಮೈಸೂರಿನಿಂದ ಒಬ್ಬ ತಾಯಿ ಮಾಡುವ ಸಾಷ್ಟಾಂಗ ಪ್ರಣಾಮಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ ಕೊರತೆಯಾಗುವ ಹಾಗೇ ಇಲ್ಲ. ಬೆಳಗಿನ ಪ್ರಾರ್ಥನೆ ಮುಗಿಯುತ್ತಲೇ ನಾಡಿನ ಅಷ್ಟೂ ಮೇಷ್ಟ್ರುಗಳು ಮೊದಲು ಬಿಚ್ಚುವುದು ತಮ್ಮನ್ನೇ.

ತಮ್ಮ ಉಪಕಾರ ನೆನೆಯದೆ ಮುಂದಿನ ಮಾತಿಗೆ ಹೋಗಬಾರದು. ತಮ್ಮ ಪುಟದಲ್ಲಿ ಹೆಸರಿದ್ದರೆ ಮಗುವಿಗೆ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಸಮವಸ್ತ್ರ, ಪಠ್ಯಪುಸ್ತಕ, ವಿದ್ಯಾರ್ಥಿವೇತನ. ತಮ್ಮ ಗೆರೆಯಿಂದ ಹೆಸರು ಜಾರಿತೆಂದರೆ ಆ ಹುಡುಗ ಕಾಫಿ ತೋಟದ ಕೂಲಿಗೆ ಹೋದನೋ, ಶುಂಠಿ ಹೊಲಕ್ಕೆ ಹೋದನೋ ಕೇಳುವವರಿಲ್ಲ. ಹಾಗಾಗಿ ತಮ್ಮ ಮೇಲಿನ ನನ್ನ ಭಕ್ತಿ ಬಾಯಿಮಾತಿನದಲ್ಲ. ಪ್ರತಿ ಮಗುವಿನ ಹೆಸರೂ ತಮ್ಮಲ್ಲಿ ಉಳಿಯಲಿ ಎಂದು ಬೇಡುವವಳು ನಾನು. ಆ ಕಾರಣಕ್ಕೇ ಈ ದೂರು.

ಮಹಾಶಯರೇ, ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪ್ರತಿವರ್ಷ ದಸರಾ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ಪೂಜೆಯಾಗುವುದು ತಮಗೆ ಗೊತ್ತಿರಬಹುದು. 2024ರಲ್ಲಿ ಆಗಸ್ಟ್ 21ಕ್ಕೆ ಆಯಿತು, 2025ರಲ್ಲಿ ಆಗಸ್ಟ್ 4ಕ್ಕೆ. ಮತ್ತಿಗೋಡು, ದುಬಾರೆ, ಬಳ್ಳೆ, ಭೀಮನಕಟ್ಟೆ ಮುಂತಾದ ಶಿಬಿರಗಳಿಂದ ಆನೆಗಳ ಜೊತೆ ಮಾವುತರು, ಕಾವಾಡಿಗಳು ಹೊರಡುತ್ತಾರೆ. ಅವರ ಬೆನ್ನಿಗೇ ಹೆಂಡತಿ ಮಕ್ಕಳು, ಪಾತ್ರೆ ಪಡಗ, ಹಾಸಿಗೆಯ ಗಂಟು. ಮೈಸೂರು ಅರಮನೆ ಆವರಣದ ತಾತ್ಕಾಲಿಕ ಶೆಡ್ಡುಗಳಲ್ಲಿ ಬಿಡಾರ. 2025ರ ಜಂಬೂಸವಾರಿ ನಡೆದದ್ದು ಅಕ್ಟೋಬರ್ 2ಕ್ಕೆ. ಆನೆಗಳ ಮೊದಲ ತಂಡದ ಜೊತೆ ಬಂದ ಮನೆಗಳವರು ಕಾಡಿನ ಹಾಡಿಯ ಮನೆಬಾಗಿಲು ಹಾಕಿಕೊಂಡು ಸುಮಾರು ಎರಡು ತಿಂಗಳು ಇಲ್ಲಿದ್ದರು. ಇವರಲ್ಲಿ ಬಹಳಷ್ಟು ಮಂದಿ ಜೇನುಕುರುಬರು. ನಮ್ಮ ರಾಜ್ಯದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಸರ್ಕಾರ ಗುರುತಿಸಿರುವ ಎರಡು ಸಮುದಾಯಗಳಲ್ಲಿ ಒಂದು ಇವರದು, ಇನ್ನೊಂದು ಕೊರಗರದು. ಆನೆಯ ಹೆಸರು ಊರಿಗೆಲ್ಲ ಗೊತ್ತು, ಮಾವುತನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಇಬ್ಬರನ್ನೂ ನೋಡಿಕೊಂಡು, ಬೆಳೆಯುವ ಗಂಡುಮಕ್ಕಳನ್ನು ಶೆಡ್ಡಿನ ತಗಡಿನ ಕೆಳಗೆ ಸಾಕುವ ಹೆಂಗಸು ಯಾವ ಪಟ್ಟಿಯಲ್ಲೂ ಇಲ್ಲ. ಅವಳ ಪರವಾಗಿ ತಮ್ಮಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಅರಮನೆಯ ಆವರಣದಲ್ಲೇ ಈ ಮಕ್ಕಳಿಗಾಗಿ ಟೆಂಟ್ ಶಾಲೆ ತೆರೆಯುತ್ತಾರೆ. ಅದಕ್ಕೆ ನಾನು ಮನಸಾರೆ ಕೃತಜ್ಞಳು. ಪಾಠ ಹೇಳಲು ಬರುವ ಮೇಷ್ಟ್ರುಗಳ ಮೇಲೆ ನನಗೆ ಗೌರವವಿದೆ. ಒಂದೇ ಸೂರಿನಡಿ ಅ ಆ ಇ ಈ ತಿದ್ದುವ ಮಗುವನ್ನೂ ಭಾಗಾಕಾರಕ್ಕೆ ಬಂದ ಹುಡುಗನನ್ನೂ ಕೂರಿಸಿಕೊಂಡು, ಹೊರಗೆ ಆನೆ ಹೋಗುತ್ತಿರುವಾಗ ಒಳಗೆ ಪಾಠ ಮಾಡುವುದು ಸುಲಭವಲ್ಲ. ಅಪ್ಪ ಕೂತ ಆನೆ ಎದುರಿಗೇ ನಡೆದು ಹೋಗುತ್ತಿದ್ದರೆ ಯಾವ ಮಗು ತಾನೇ ಕಪ್ಪುಹಲಗೆ ನೋಡೀತು? ಆದರೂ ಕಲಿಸುತ್ತಾರೆ, ಮಕ್ಕಳೂ ಕಲಿಯುತ್ತಾರೆ.

ಆದರೆ ಪೂಜ್ಯರೇ, ಟೆಂಟಿನಲ್ಲಿ ಕಲಿಯುವ ಹುಡುಗನ ಹೆಸರಿರುವುದು ಹಾಡಿಯ ಹತ್ತಿರದ ಶಾಲೆಯಲ್ಲಿ, ತಮ್ಮ ಪುಟದಲ್ಲಿ. ಆ ಎರಡು ತಿಂಗಳ ಚೌಕಗಳಲ್ಲಿ ಏನು ಬರೆಯಬೇಕು? ತಮ್ಮಲ್ಲಿರುವುದು ಎರಡೇ ಗುರುತು, ಬಂದ ಅಥವಾ ಬರಲಿಲ್ಲ. ಬೇರೆ ಊರಿನಲ್ಲಿ ಬೇರೆ ಮೇಷ್ಟ್ರ ಮುಂದೆ ಕೂತು ಓದುತ್ತಿದ್ದಾನೆ ಎಂಬುದಕ್ಕೆ ತಮ್ಮಲ್ಲಿ ಜಾಗವೇ ಇಲ್ಲ. ಕರುಣೆಯುಳ್ಳ ಮೇಷ್ಟ್ರಿದ್ದರೆ ಹೇಗೋ ಸರಿದೂಗಿಸಿಯಾರು. ಕಟ್ಟುನಿಟ್ಟಿನವರಿದ್ದರೆ ಹುಡುಗ ಗೈರುಹಾಜರಿಯವನಾಗುತ್ತಾನೆ. ಒಬ್ಬರ ಕರುಣೆಯ ಮೇಲೆ ಮಗುವಿನ ಓದು ನಿಲ್ಲಬಾರದೆಂದೇ ಅಲ್ಲವೇ ತಮ್ಮಂಥ ಪುಸ್ತಕ ಹುಟ್ಟಿದ್ದು?

ಆಗಸ್ಟ್, ಸೆಪ್ಟೆಂಬರ್ ಎಂದರೆ ಮೊದಲ ಅವಧಿಯ ಪಾಠಗಳು ಭರದಿಂದ ನಡೆಯುವ ತಿಂಗಳುಗಳು. ಘಟಕದ ಮೇಲೆ ಘಟಕ ಮುಗಿಸಿ, ದಸರಾ ರಜೆಯ ಹೊತ್ತಿಗೆ ಸಂಕಲನಾತ್ಮಕ ಮೌಲ್ಯಮಾಪನಕ್ಕೆ ತಯಾರಾಗಬೇಕು. ಉಳಿದ ಮಕ್ಕಳಿಗೆ ದಸರಾ ಎಂದರೆ ರಜೆ. ಈ ಮಕ್ಕಳಿಗೆ ದಸರಾ ಎಂದರೆ ಅಪ್ಪನ ಕೆಲಸದ ಕಾಲ, ಅಮ್ಮನಿಗೆ ಎರಡು ಪಟ್ಟು ಕೆಲಸದ ಕಾಲ. ಭಿನ್ನರಾಶಿಯ ಪಾಠ ಊರಿನ ಶಾಲೆಯಲ್ಲಿ ಮುಗಿದುಹೋಗಿರುತ್ತದೆ. ಹಿಂತಿರುಗಿ ಹೋದ ಹುಡುಗನಿಗೆ ಮುಂದಿನ ಪಾಠವೂ ತಲೆಗೆ ಹತ್ತುವುದಿಲ್ಲ. ಮನೆಯಲ್ಲಿ ಜೇನುಕುರುಬ ನುಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಇಲ್ಲಿ ಮೈಸೂರಿನ ಕನ್ನಡ. ಇವಿಷ್ಟನ್ನೂ ಸಂಭಾಳಿಸುವ ಎಂಟು ವರ್ಷದ ಮಗುವನ್ನು ದಡ್ಡ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಒಂದು ಶೆಡ್ಡಿನ ಮುಂದೆ ಕಂಡದ್ದನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ತಾಯಿ ಮಗನ ಸಮವಸ್ತ್ರದ ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಬಿಡುತ್ತಿದ್ದಳು. ಜೂನ್‌ನಲ್ಲಿ ಸರಿಯಾಗಿದ್ದ ಪ್ಯಾಂಟು ಕಣಕಾಲಿನ ಮೇಲಕ್ಕೆ ಹೋಗಿತ್ತು. ಒಳಗೆ ಮಡಚಿದ್ದ ಬಟ್ಟೆಗೆ ಇನ್ನೂ ಹೊಸ ನೀಲಿ ಬಣ್ಣ, ಹೊರಗಿನದೆಲ್ಲ ಒಗೆದು ಒಗೆದು ಬೂದುಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ತೆರೆದ ತಗಡಿನ ಟ್ರಂಕು. ಅದರಲ್ಲಿ ಪುಸ್ತಕಗಳು, ಅವುಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಜಾತಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್. “ಎಲ್ಲಾ ಜತೇಲೇ ತತ್ತೀನಿ ಕಣಕ್ಕ, ಯಾರು ಯಾವಾಗ ಏನು ಕೇಳ್ತಾರೋ” ಎಂದಳು. ಮಗನಿಗೆ ಊಟಕ್ಕೆ ಕೂರು ಎಂದು ಕೂಗಿದಳು. ಅವನು ಆನೆಗೆ ಕುಸುರೆ ಕಟ್ಟುವಲ್ಲಿ ಅಪ್ಪನ ಪಕ್ಕ ಕೂತು ಹುಲ್ಲಿನೊಳಗೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಮಡಚುವುದನ್ನು ನೋಡುತ್ತಿದ್ದ. ಅಪ್ಪನ ಕೈ ಚುರುಕಾಗಿತ್ತು. ಆ ವಿದ್ಯೆಯೂ ವಿದ್ಯೆಯೇ, ಅದನ್ನು ಕೀಳಾಗಿ ಕಾಣುವವಳು ನಾನಲ್ಲ. ಕಾವಾಡಿಯ ಮಗ ಕಾವಾಡಿಯಾಗಬಾರದೆಂದು ನಾನು ಹೇಳುತ್ತಿಲ್ಲ. ಅವನಿಗೆ ಬೇರೆ ದಾರಿಯೂ ತೆರೆದಿರಬೇಕು, ಆ ದಾರಿಯ ಬಾಗಿಲು ತಮ್ಮ ಪುಟದಲ್ಲೇ ಇದೆ.

ಆನೆಗಳು ಮೈಸೂರಿಗೆ ಬಂದಕೂಡಲೇ ಧನ್ವಂತರಿ ರಸ್ತೆಯ ವೇಬ್ರಿಡ್ಜಿಗೆ ಕರೆದೊಯ್ದು ತೂಕ ಮಾಡಿಸುತ್ತಾರೆ. 2020ರಿಂದ 750 ಕಿಲೋ ಅಂಬಾರಿ ಹೊರುತ್ತ ಬಂದ ಅಭಿಮನ್ಯು ಐದು ಸಾವಿರ ಕಿಲೋ ದಾಟಿ ತೂಗಿದ್ದು ಮರುದಿನದ ಸುದ್ದಿ. ಉದ್ದು, ಹೆಸರುಕಾಳು, ಕುಸುಬಲಕ್ಕಿ, ಬೆಣ್ಣೆ ಎಂದು ಆನೆಯ ಊಟದ ಲೆಕ್ಕ ಬರೆದಿಡುತ್ತಾರೆ. ಇದು ತಪ್ಪೆಂದು ಯಾರು ಹೇಳುತ್ತಾರೆ? ಅಷ್ಟು ಭಾರ ಹೊರುವ ಜೀವಕ್ಕೆ ಅಷ್ಟಾದರೂ ಆರೈಕೆ ಬೇಕು. ಕುಟುಂಬಗಳಿಗಾಗಿ ತಾತ್ಕಾಲಿಕ ಚಿಕಿತ್ಸಾಲಯವನ್ನೂ ಇಡುತ್ತಾರೆ, ಉಸ್ತುವಾರಿ ಸಚಿವರು ಒಂದು ದಿನ ಬಂದು ಕೈಯಾರೆ ಉಪಾಹಾರ ಬಡಿಸುವ ಪದ್ಧತಿಯೂ ಇದೆ. ಅಂದು ಬಡಿಸಿಕೊಳ್ಳಲು ಕೂತ ತಾಯಂದಿರು ಉಳಿದ ದಿನಗಳಲ್ಲಿ ತಾವೇ ಬಡಿಸುವವರು. ಮಗ ಗೇಣುದ್ದ ಬೆಳೆದನೋ ಇಲ್ಲವೋ ಎಂಬುದನ್ನು ಅವರು ಅಳೆಯುವುದು ಪ್ಯಾಂಟಿನ ಅಂಚಿನಲ್ಲಿ.

ಹೈಸ್ಕೂಲು ಮುಟ್ಟಿದ ಗಂಡುಮಕ್ಕಳ ಸಂಗತಿ ಇನ್ನೂ ಕಷ್ಟದ್ದು. ದೊಡ್ಡವನನ್ನು ಹಾಸ್ಟೆಲಿನಲ್ಲಿ ಬಿಟ್ಟು ಚಿಕ್ಕವನನ್ನು ಕಂಕುಳಲ್ಲಿಟ್ಟುಕೊಂಡು ಲಾರಿ ಹತ್ತಬೇಕೇ? ಇಬ್ಬರನ್ನೂ ಕರೆತಂದು ದೊಡ್ಡವನ ಓದನ್ನು ಎರಡು ತಿಂಗಳು ನಿಲ್ಲಿಸಬೇಕೇ? ಇಲ್ಲ, ಗಂಡನೊಬ್ಬನನ್ನೇ ಕಳಿಸಿ ತಾನು ಹಾಡಿಯಲ್ಲಿ ಉಳಿಯಬೇಕೇ? ಮೂರರಲ್ಲಿ ಯಾವುದನ್ನು ಹಿಡಿದರೂ ಯಾರೋ ಒಬ್ಬರ ಕೈಬಿಟ್ಟ ಹಾಗೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಅಮ್ಮ ಕಣ್ಣೆದುರಿಗಿರಬೇಕಾದ ವಯಸ್ಸು ಅದು, ಅವನೇ ಒಪ್ಪದಿದ್ದರೂ. ನಾನು ನನ್ನ ಮಕ್ಕಳನ್ನು ಒಂದೇ ಮನೆ, ಒಂದೇ ಬೀದಿ, ನಡೆದು ಹೋಗುವ ಶಾಲೆಯಲ್ಲಿ ಬೆಳೆಸಿದವಳು. ಈ ಆಯ್ಕೆಯನ್ನು ನನ್ನ ಮುಂದೆ ಯಾರೂ ಇಟ್ಟಿರಲಿಲ್ಲ.

ಕೆಲವರು ಸಮಾಧಾನ ಹೇಳುತ್ತಾರೆ: ಗಾಜನೂರಿನ ಮುತ್ತುರಾಜ ತಂದೆಯ ಜೊತೆ ಗುಬ್ಬಿ ನಾಟಕ ಕಂಪನಿ ಸೇರಿ, ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ಊರೂರು ಅಲೆದು ರಾಜ್‌ಕುಮಾರ್ ಆಗಲಿಲ್ಲವೇ, 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಗೌರವ ಡಾಕ್ಟರೇಟ್ ಕೊಡಲಿಲ್ಲವೇ ಎಂದು. ಅಣ್ಣಾವ್ರ ಮೇಲಿನ ಪ್ರೀತಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಅಂಥದೇ ನಾಟಕ ಕಂಪನಿಗಳ ಬಿಡಾರಗಳಲ್ಲಿ ಬೆಳೆದು, ಬಣ್ಣವೂ ಹತ್ತದೆ ಅಕ್ಷರವೂ ಹತ್ತದೆ ಹೋದ ಮಕ್ಕಳ ಹೆಸರು ಯಾರ ನೆನಪಿನಲ್ಲಿದೆ? ಒಬ್ಬ ಮಹಾನುಭಾವನನ್ನು ತೋರಿಸಿ ನೂರು ಮಕ್ಕಳ ಪುಸ್ತಕ ಮುಚ್ಚುವುದು ನ್ಯಾಯವಲ್ಲ.

ಸನ್ನಿಧಾನದವರು ದೊಡ್ಡ ಮನಸ್ಸು ಮಾಡಿ ಹೊರದೇಶದ ತಮ್ಮ ಬಂಧುಗಳ ಕಡೆ ಒಮ್ಮೆ ನೋಡಬೇಕು. ಇಂಗ್ಲೆಂಡಿನ ಹಾಜರಿ ಪುಸ್ತಕದಲ್ಲಿ ‘ಟಿ’ ಎಂಬ ಗುರುತಿದೆ. ಹೊಟ್ಟೆಪಾಡಿಗಾಗಿ ಊರೂರು ತಿರುಗುವ ತಂದೆತಾಯಿಯ ಜೊತೆ ಮಗು ಹೋಗಿದೆ ಎಂದು ಅದರ ಅರ್ಥ. ಅಲ್ಲಿನ 1996ರ ಶಿಕ್ಷಣ ಕಾಯ್ದೆಯಲ್ಲೂ ಅಂಥ ಕುಟುಂಬಗಳಿಗೆ ಅವಕಾಶವಿದೆ: ಆರು ದಾಟಿದ ಮಗು ವರ್ಷದಲ್ಲಿ ಕನಿಷ್ಠ 200 ಅರ್ಧ ದಿನವಾದರೂ ಶಾಲೆಯಲ್ಲಿದ್ದರೆ ಉಳಿದ ಗೈರಿಗೆ ತಂದೆತಾಯಿಯನ್ನು ಶಿಕ್ಷಿಸುವುದಿಲ್ಲ. ಜರ್ಮನಿಯಲ್ಲಿ ಜಾತ್ರೆ, ಸರ್ಕಸ್‌ನವರ ಮಕ್ಕಳಿಗೆ ಒಂದು ಶಾಲಾ ದಿನಚರಿ ಕೊಡುತ್ತಾರೆ. ಹೋದ ಊರಿನ ಮೇಷ್ಟ್ರು ಏನು ಕಲಿಸಿದೆ ಎಂದು ಅದರಲ್ಲಿ ಬರೆಯುತ್ತಾರೆ, ಮುಂದಿನ ಊರಿನವರು ಅಲ್ಲಿಂದ ಮುಂದುವರಿಸುತ್ತಾರೆ. ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆ ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ಖಾತರಿಪಡಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿದೆ. ಒಳಗೆ ಬರಲು ಬಾಗಿಲಿದೆ. ಹೋಗಿ ಬರುವ ಮಗುವಿಗೆ ಚೌಕ ಮಾತ್ರ ಇಲ್ಲ. ಒಂದೊಂದು ಮಗುವಿಗೂ ಕಲಿಕೆಯ ಜಾಡು ಹಿಡಿಯುವ ಎಸ್‌ಎಟಿಎಸ್ ಸಂಖ್ಯೆ ಕೊಟ್ಟಾಗಿದೆಯಲ್ಲ, ಮತ್ತಿಗೋಡಿನ ಹುಡುಗ ಅರಮನೆಯ ಟೆಂಟಿನಲ್ಲಿ ಕಲಿತ ದಿನಗಳು ಆ ಸಂಖ್ಯೆಗೇ ಜಮೆಯಾಗುವಂತೆ ಮಾಡಲು ಯಾವ ಹೊಸ ಯಂತ್ರ ಬೇಕು?

ಅರಮನೆಯಿಂದ ಕೂಗಳತೆಯಲ್ಲೇ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ. ಅಲ್ಲಿ ಜಯಂಟ್ ವೀಲ್ ತಿರುಗಿಸಲು, ಅಂಗಡಿ ಹಾಕಲು ತಿಂಗಳುಗಟ್ಟಲೆ ಬಂದು ನೆಲೆಸುವ ಮನೆಗಳ ಮಕ್ಕಳೂ ಇದ್ದಾರೆ. ಬಯಲುಸೀಮೆಯಿಂದ ಕುರಿಮಂದೆಯ ಹಿಂದೆ ನಡೆಯುವ ತಾಯಂದಿರಿದ್ದಾರೆ, ಮಂಡ್ಯದ ಕಬ್ಬು ಕಡಿಯಲು ಬರುವವರಿದ್ದಾರೆ. ಅವರ ಮಕ್ಕಳ ಹೆಸರು ಯಾವ ಊರಿನ ಪುಟದಲ್ಲಿದೆ ಎಂದು ಪ್ರಭುಗಳೇ ಬಲ್ಲರು.

ತಿರುಗಾಟವನ್ನು ಇಷ್ಟಪಟ್ಟು ಆರಿಸಿಕೊಂಡವರೂ ಇದ್ದಾರೆ. ಈಗ ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುವ ಕ್ಯಾರವಾನ್ ವ್ಯಾನುಗಳು ನಮ್ಮ ಕಡೆಗೂ ಬಂದಿವೆ. ಅಮೆರಿಕದಲ್ಲಿ ಇಡೀ ಸಂಸಾರವೇ ಅಂಥ ವ್ಯಾನಿನಲ್ಲಿ ನೆಲೆಸಿ, ಊರಿನಿಂದ ಊರಿಗೆ ಹೋಗುತ್ತ, ಗಂಡುಮಕ್ಕಳಿಗೆ ತಾಯಿಯೇ ಪಾಠ ಹೇಳುವುದನ್ನು ನಮ್ಮವರು ಬೆರಗಿನಿಂದ ನೋಡುತ್ತಾರೆ. ಆ ತಾಯಿಯ ಧೈರ್ಯ ನನಗೂ ಇಷ್ಟ. ಅಷ್ಟೇ ಸಾಮಾನು, ಅಷ್ಟೇ ಮಕ್ಕಳು, ಅಷ್ಟೇ ಎಚ್ಚರದ ರಾತ್ರಿಗಳನ್ನು ಲಾರಿಯಲ್ಲಿ ಹೇರಿಕೊಂಡು ನಮ್ಮ ನಾಡಹಬ್ಬಕ್ಕೆ ಬರುವ ತಾಯಿಗೂ ಆ ಬೆರಗಿನಲ್ಲಿ ಪಾಲು ಸಿಗಬೇಕು. ಅವಳು ತಿರುಗುವುದು ತನ್ನ ಖುಷಿಗಲ್ಲ, ನಮ್ಮ ಹಬ್ಬಕ್ಕೆ. ಸಾಲ ಇರುವುದು ನಮ್ಮ ಕಡೆ.

ಆದ್ದರಿಂದ ಸನ್ನಿಧಾನದಲ್ಲಿ ವಿನಮ್ರ ಬಿನ್ನಹ. ಮುಂದಿನ ಗಜಪಯಣದ ಪೂಜೆಗೆ ಮೊದಲು, ಲಾರಿ ಹತ್ತುವ ಪ್ರತಿ ಮಗುವಿಗೂ ತಮ್ಮಲ್ಲಿ ಮೂರನೆಯ ಗುರುತೊಂದನ್ನು ದಯಪಾಲಿಸಬೇಕು. ಟೆಂಟ್ ಶಾಲೆಯ ಮೇಷ್ಟ್ರು ಬರೆದ ಪುಟ ಮಗುವಿನ ಜೊತೆ ಹಾಡಿಯ ಶಾಲೆಗೆ ಹೋಗಬೇಕು, ಅಲ್ಲಿನ ಮೇಷ್ಟ್ರು ತಪ್ಪಿಹೋದ ಪಾಠಗಳಿಗೆ ರಜೆಯ ನಂತರ ಕೆಲವು ವಾರ ಬಿಡುವು ಮಾಡಿಕೊಳ್ಳಲು ಅಪ್ಪಣೆಯಾಗಬೇಕು. ಹೈಸ್ಕೂಲಿನ ಹುಡುಗರನ್ನು ಆ ಎರಡು ತಿಂಗಳ ಮಟ್ಟಿಗೆ ಮೈಸೂರಿನ ಯಾವುದಾದರೂ ಸರ್ಕಾರಿ ಪ್ರೌಢಶಾಲೆಯಲ್ಲಿ, ಟಿಸಿ ಕೇಳದೆ, ಕೂರಿಸಿಕೊಳ್ಳಬೇಕು. ಸಂಜೆ ಅವರು ಅಮ್ಮನ ಶೆಡ್ಡಿಗೆ ನಡೆದು ಬರುತ್ತಾರೆ. ಆ ಪುಟದ ಕೊನೆಯಲ್ಲಿ ಪೋಷಕರ ಸಹಿಗೆ ಜಾಗ ಬಿಡುವಾಗ ತಾಯಿಯನ್ನೇ ಕರೆದು ಸಹಿ ಹಾಕಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ತಂದೆ ಆನೆಯ ಮೇಲಿರುತ್ತಾನೆ.

ಇಂತಿ ತಮ್ಮ ವಿಧೇಯಳಾದ,
ಮೈಸೂರಿನ ಒಬ್ಬ ತಾಯಿ