ಕೈಗೂ ಸ್ವಲ್ಪ ಕಲಿಸಿ, ಮೇಡಂ

ಬಡಾವಣೆ ಬಡಾವಣೆಯಲ್ಲೂ ಬ್ಯೂಟಿ ಪಾರ್ಲರ್ ತೆರೆದು ನಮ್ಮ ಮುಖಗಳ ಹೊಣೆ ಹೊತ್ತಿರುವ ಮಾನ್ಯ ಮಾಲೀಕರಿಗೆ ಸವಿನಯ ನಮಸ್ಕಾರಗಳು.

ಮೊದಲು ನಿಮ್ಮ ಉಪಕಾರ ನೆನೆಯುತ್ತೇನೆ. ಫ್ರೂಟ್ ಫೇಶಿಯಲ್‌ನಿಂದ ಗೋಲ್ಡ್, ಡೈಮಂಡ್‌ವರೆಗೆ ದರಪಟ್ಟಿಯನ್ನು ಬಾಗಿಲಲ್ಲೇ ತೂಗುಹಾಕಿದ್ದೀರಿ. ಕ್ರೀಮ್ ಬದಲಾದಂತೆ ದರ ಏರುತ್ತದೆ, ಒಪ್ಪಿದೆ. ಆದರೆ ಅದನ್ನು ಹಚ್ಚುವ ಕೈ ಏನು ಕಲಿತಿದೆ ಎಂಬುದು ಆ ಪಟ್ಟಿಯಲ್ಲಿಲ್ಲ.

ಕಳೆದ ಸಲ ನಿಮ್ಮಂಥವರೊಬ್ಬರ ಪಾರ್ಲರಿನಲ್ಲಿ ಫೇಶಿಯಲ್‌ಗೆಂದು ಒರಗಿದ್ದೆ. ಹುಡುಗಿ ಹೊಸಬಳು. ಕಣ್ಣಿನ ಕೆಳಗೆ ಹೆಬ್ಬೆರಳು ಒತ್ತಿ ಉಜ್ಜಿದಳು. ಉದ್ದನೆಯ ಉಗುರು ರೆಪ್ಪೆಯಂಚಿಗೆ ತಾಗಿತು. ಅಲ್ಲಿನ ಚರ್ಮ ಬಲು ತೆಳು. ಪಳಗಿದವರು ಅಲ್ಲಿಗೆ ಉಂಗುರಬೆರಳನ್ನಷ್ಟೇ ಒಯ್ಯುತ್ತಾರೆ, ಅದರ ಒತ್ತಡ ಹಗುರವೆಂದು. "ನೋವಾಯ್ತಾ ಮೇಡಂ?" ಎಂದಳು, ಗಾಬರಿಯಿಂದ. ಅಷ್ಟರಲ್ಲಿ ಮಾಲೀಕರು ಪರದೆ ಸರಿಸಿ, "ಬೇಗ ಮುಗಿಸಮ್ಮ, ಜನ ಕಾಯ್ತಿದ್ದಾರೆ" ಎಂದು ಹೋದರು. ನನಗೆ ಸಿಟ್ಟು ಬಂದದ್ದು ಆ ಹುಡುಗಿಯ ಮೇಲಲ್ಲ.

ನೀವು ನಡೆಸುತ್ತಿರುವುದು ದೊಡ್ಡ ವಿದ್ಯೆ, ಆ ಗೌರವ ನನಗಿದೆ. ಫೇಶಿಯಲ್‌ನಲ್ಲಿ ನೀವು ಬಳಸುವ ಮಸಾಜಿನ ಪಟ್ಟುಗಳನ್ನು 19ನೇ ಶತಮಾನದಲ್ಲಿ ವಿಂಗಡಿಸಿದ ಕೀರ್ತಿ ಆಮ್‌ಸ್ಟರ್‌ಡ್ಯಾಮಿನ ವೈದ್ಯ ಮೆಟ್ಜ್‌ಗರ್ ಅವರಿಗೆ ಸಲ್ಲುತ್ತದೆ. ಎಫ್ಲುರಾಜ್ ಎಂದರೆ ಅಂಗೈಯಿಂದ ಹಗುರವಾಗಿ ನೀವುವುದು. ಶುರು ಮಾಡುವುದೂ ಮುಗಿಸುವುದೂ ಅದರಿಂದಲೇ. ಪೆಟ್ರಿಸಾಜ್‌ನಲ್ಲಿ ಕೆನ್ನೆ, ದವಡೆಯ ಸ್ನಾಯುಗಳನ್ನು ಹಿಡಿದು ನಾದುತ್ತಾರೆ. ಫ್ರಿಕ್ಷನ್ ಎಂದರೆ ಗದ್ದ, ಮೂಗಿನ ಪಕ್ಕಗಳಲ್ಲಿ ಬೆರಳ ತುದಿಯ ಸಣ್ಣ ಸುತ್ತು. ಬೆರಳ ತುದಿಯಲ್ಲಿ ತಟ್ಟುವುದು, ನಡುಗಿಸುವುದು ಆಮೇಲಿನವು. ಗದ್ದದಿಂದ ಕಿವಿಯತ್ತ, ಹುಬ್ಬಿನಿಂದ ಕೂದಲಂಚಿನತ್ತ ಕೈ ಸಾಗಬೇಕು. ಒಂದು ಕೈ ಎತ್ತುವ ಮೊದಲು ಇನ್ನೊಂದು ಬಂದು ಕೂರಬೇಕು. ಇದು ದಿನಗಟ್ಟಲೆ ಸಾಧನೆ ಮಾಡಿ ಬರುವಂಥದ್ದು.

ಕೀವು ತುಂಬಿದ ಮೊಡವೆಗಳ ಮೇಲೂ ಅದೇ ಉತ್ಸಾಹದಿಂದ ಉಜ್ಜುವ ನಿಮ್ಮ ಶ್ರದ್ಧೆಯನ್ನು ದಯವಿಟ್ಟು ಕೈಬಿಡಿ. ಉರಿಯೂತ ಕೆರಳುತ್ತದೆ. ಇನ್ನು ಕುತ್ತಿಗೆಯ ಎರಡೂ ಬದಿಯನ್ನು ಒಮ್ಮೆಲೇ ಅಮುಕುವುದಂತೂ ಅಪಾಯ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿವೆ.

ಕೈಮುಗಿದು ಕೇಳುತ್ತೇನೆ: ಹೊಸ ಹುಡುಗಿಯರಿಗೆ ಸಂಬಳ ಕೊಟ್ಟೇ ಕಲಿಸಿ. ಉಗುರು ಕತ್ತರಿಸಿ, ಉಂಗುರ ತೆಗೆದು, ಕೈತೊಳೆದು ಬರಲು ಹೇಳಿ. ಅವರ ಕೈಗೆ ಬೇಕಾದ ಹೊತ್ತು ಕೊಡಿ. ಅದಕ್ಕೆ ದರ ಏರಿಸಿದರೆ ನಾನು ಚೌಕಾಸಿ ಮಾಡದೆ ಕೊಡುತ್ತೇನೆ.

ಇತಿ,
ನಿಮ್ಮ ಖಾಯಂ ಗಿರಾಕಿ