ಮಾಡು ಬಿಚ್ಚುವ ಮೊದಲು ಒಂದು ಮಳೆಗಾಲ

ಮೊನ್ನೆ ಸಂಜೆ ದಾಸವಾಳದ ಬುಡಕ್ಕೆ ನೀರು ಬಿಡುತ್ತಿದ್ದೆ. ಪಾಗಾರದ ಆಚೆಯಿಂದ ಶೆಟ್ರು ಕರೆದರು. "ಮಾಸ್ಟ್ರೇ, ಸೋಮವಾರ ಕೆಲಸ ಶುರು. ಮಾಡು ಬಿಚ್ಚಿಸ್ತೇನೆ."

ಪೈಪು ಕೈಯಲ್ಲೇ ಉಳಿಯಿತು. ಪತ್ತನಾಜೆಗೆ ಇನ್ನು ಹದಿನೈದು ದಿನ. ಕೋಲ, ಆಟ ಎಲ್ಲ ಮುಗಿಸಿ ಗೆಜ್ಜೆ ಬಿಚ್ಚಿಡುವ ಹೊತ್ತಿಗೆ ಇವರು ಮನೆಯ ತಲೆ ಬಿಚ್ಚಲು ಹೊರಟಿದ್ದಾರೆ.

ಶೆಟ್ರು ಮೂವತ್ತು ವರ್ಷ ಮುಂಬೈಯಲ್ಲಿ ದುಡಿದು ಈಗ ಕಾಪುವಿನ ಅಜ್ಜನ ಮನೆಗೆ ಬಂದು ನೆಲೆಸಿದವರು. ಹಂಚು ತೆಗೆದು ತಾರಸಿ ಹಾಕಬೇಕು, ಅಡುಗೆಮನೆ ದೊಡ್ಡದಾಗಬೇಕು, ಅಮ್ಮನ ಕೋಣೆಗೆ ತಾಗಿ ಬಚ್ಚಲು ಬೇಕು. ಒಂದೂ ಅತಿಯಾಸೆಯಲ್ಲ. ಆದರೂ ನಾನು, "ಶೆಟ್ರೇ, ಒಂದು ಮಳೆಗಾಲ ಬಿಡಿ ಮಾರಾಯ್ರೇ," ಎಂದೆ.

"ಮನೆ ನೋಡಿಯೇ ಅಲ್ವಾ ಪ್ಲಾನ್ ಮಾಡಿದ್ದು?"

"ನೋಡಿದ್ದು ಯಾವಾಗ? ಮೇ ತಿಂಗಳ ರಜೆಯಲ್ಲಿ. ಮೇ ತಿಂಗಳಲ್ಲಿ ನಮ್ಮೂರಿನ ಎಲ್ಲ ಮನೆಯೂ ಗಟ್ಟಿಯೇ."

ಇದು ವಾದಕ್ಕೆ ಹೇಳಿದ ಮಾತಲ್ಲ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದದ್ದೆಲ್ಲ ಅಂಗಳದಲ್ಲೇ ನಿಂತರೆ ಎರಡು ಆಳೆತ್ತರ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಕಾರ್ಕಳದಂಥ ಘಟ್ಟದ ಬುಡದಲ್ಲಿ ಇನ್ನೂ ಜೋರು. ಮನೆ ಎಲ್ಲಿ ಸೋತಿದೆ ಎಂದು ತೋರಿಸುವುದು ಆ ನಾಲ್ಕು ತಿಂಗಳು ಮಾತ್ರ.

ನನಗೆ ಇದು ಗೊತ್ತಾದದ್ದು ಕೈ ಸುಟ್ಟುಕೊಂಡ ಮೇಲೆ. ನಾಲ್ಕು ವರ್ಷದ ಹಿಂದೆ ನಮ್ಮ ಪಡುಕೋಣೆಯ ಗೋಡೆ ಪುಡಿ ಉದುರುತ್ತದೆಂದು ಫೆಬ್ರವರಿಯಲ್ಲಿ ಹಳೆಯ ಸಾರಣೆ ಕೆತ್ತಿಸಿ ಸಿಮೆಂಟಿನ ಸಾರಣೆ ಮಾಡಿಸಿದೆ. ಮೇಲಿಂದ ಒಳ್ಳೆಯ ಬಣ್ಣ. ಆಟಿ ತಿಂಗಳಲ್ಲಿ ಅದೇ ಗೋಡೆ ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಹೊಸ ಬಣ್ಣದ ಮೇಲೆ ಬೆರಳಿಟ್ಟರೆ ಒಳಗೆ ನೀರು. ನಮ್ಮದು ಮಣ್ಣಿನಲ್ಲಿ ಕಟ್ಟಿ ಚಿಪ್ಪುಸುಣ್ಣ ಬಳಿದ ಕೆಂಪುಕಲ್ಲಿನ ಗೋಡೆ. ಕೆಂಪುಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದನ್ನು ಸುಣ್ಣದ ಮೂಲಕ ನಿಧಾನವಾಗಿ ಹೊರಗೆ ಬಿಡುತ್ತಿತ್ತು. ಸಿಮೆಂಟು ಬಳಿದು ಆ ದಾರಿಯನ್ನು ನಾನೇ ಮುಚ್ಚಿದ್ದೆ. ನೀರು ಬರುತ್ತಿದ್ದದ್ದು ಗೋಡೆಯಿಂದಲೂ ಅಲ್ಲ, ಮೇಲೆ ಅಡುಗೆಮನೆಯ ಮಾಡು ದೊಡ್ಡ ಮಾಡಿಗೆ ಕೂಡುವ ಮೂಲೆಯಲ್ಲಿ ಜಾರಿದ ಒಂದು ಹಂಚಿನಿಂದ. ಒಂದು ಹಂಚು ಸರಿಸಿ ಕೂರಿಸಿದ್ದರೆ ಸಾಕಿತ್ತು. ಅದರ ಬದಲು ಇಡೀ ಗೋಡೆಗೆ ಎರಡು ಸಲ ದುಡ್ಡು ಹಾಕಿದೆ.

ಮುಂದಿನ ಮಳೆಗಾಲ ಪೂರ್ತಿ ಒಂದು ಪೆನ್ಸಿಲು ಹಿಡಿದು ಕೂತೆ. ಎಲ್ಲಿ ನೀರು ಇಳಿಯಿತೋ ಅಲ್ಲೇ ಗೋಡೆಯ ಮೇಲೆ ಗೆರೆ, ಪಕ್ಕದಲ್ಲಿ ತಾರೀಕು, ಗಾಳಿ ಯಾವ ಕಡೆಯದು. ಸೆಪ್ಟೆಂಬರಿಗೆ ಲೆಕ್ಕ ಹಾಕಿದರೆ ಸೋರುವ ಜಾಗ ಹತ್ತು. ಅದರಲ್ಲಿ ಆರು ಪಡುಗಾಳಿಯ ಎರಚಲು, ಮಾಡನ್ನು ಒಂದೂವರೆ ಅಡಿ ಮುಂದೆ ಚಾಚಿದರೆ ಮುಗಿಯುವಂಥವು. ಮೂರು ಒಡೆದ ಹಂಚು. ಒಂದೇ ಒಂದು ಕಡೆ ಪಕ್ಕಾಸು ಕುಂಬಾಗಿತ್ತು. ದೀಪಾವಳಿ ಕಳೆದು ಬಂದ ಬಡಗಿ ಮಾಡಿಗೆ ಹತ್ತಿ ಒಂದೊಂದೇ ಪಕ್ಕಾಸಿಗೆ ಉಳಿಯ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿಮರ 'ಟಣ್' ಅನ್ನುತ್ತದೆ, ಒರಲೆ ತಿಂದದ್ದು 'ಬೊದ್' ಅನ್ನುತ್ತದೆ. ಅಜ್ಜನ ಕಾಲದ ಕಿರಾಲುಬೋಗಿಯ ಪಕ್ಕಾಸುಗಳು ಒಂದೂ ಬೊದ್ ಅನ್ನಲಿಲ್ಲ. ನನ್ನ ಅಪ್ಪ ಅಗ್ಗಕ್ಕೆ ಸಿಕ್ಕಿತೆಂದು ನಡುವೆ ಸೇರಿಸಿದ ಮರವೇ ಹೋದದ್ದು.

"ಹಾಗಾದರೆ ಹಂಚಿನ ಮನೆಯನ್ನೇ ಇಟ್ಟುಕೊಳ್ಳಿ ಅಂತೀರಾ?" ಶೆಟ್ರಿಗೆ ಸ್ವಲ್ಪ ಬೇಸರ.

ಹಾಗೆ ಹಟವೇನಿಲ್ಲ. ಆದರೆ ಕಾಪುವಿನ ಬೀದಿಯಲ್ಲಿ ಒಮ್ಮೆ ತಲೆ ಎತ್ತಿ ನಡೆದರೆ ತಿಳಿಯುತ್ತದೆ. ತಾರಸಿ ಹಾಕಿದವರಲ್ಲಿ ಎಷ್ಟೋ ಮಂದಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದಾರೆ. ಕೊನೆಗೂ ಇಳಿಜಾರಾದ ಮಾಡೇ ಬೇಕಾಯಿತು. ಸಮುದ್ರದ ಬದಿಯಲ್ಲಂತೂ ಉಪ್ಪುಗಾಳಿ ಕಾಂಕ್ರೀಟಿನ ಬಿರುಕಿನಿಂದ ಒಳಗೆ ಹೋಗಿ ಸರಳನ್ನು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ್ದು ಕೆಳಗಿನ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ. ತಾರಸಿಯೇ ಬೇಕೆಂದರೆ ಸರಳಿನ ಸುತ್ತ ಕಾಂಕ್ರೀಟು ದಪ್ಪವಾಗಿರಲಿ, ಉಪ್ಪುನೀರಿನ ಮರಳು ಹತ್ತಿರವೂ ಬರದಿರಲಿ. ಇದರಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ.

ಹಳೆಯದನ್ನು ಎಷ್ಟು ಉಳಿಸಿಕೊಳ್ಳಬಹುದು ಎಂದು ನೋಡುವುದಿದ್ದರೆ ಮಣಿಪಾಲಕ್ಕೆ ಒಂದು ಸಲ ಹೋಗಿ ಬನ್ನಿ ಎಂದೆ. ವಿಜಯನಾಥ ಶೆಣೈಯವರು ಬ್ಯಾಂಕಿನ ನೌಕರಿಯಲ್ಲಿದ್ದವರು. ಊರೂರಿನಲ್ಲಿ ಜನ ಕೆಡವುತ್ತಿದ್ದ ಮನೆಗಳನ್ನು ಬಿಚ್ಚಿಸಿ ತಂದು ಅಲ್ಲಿನ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ಜೋಡಿಸಿದರು. ಕಾರ್ಕಳ ಹತ್ತಿರದ ಮಿಯಾರಿನ ಮನೆ ಅಲ್ಲಿದೆ, ಕುಂಜೂರಿನ ಚೌಕಿಮನೆ ಅಲ್ಲಿದೆ. 2017ರಲ್ಲಿ ಅವರು ತೀರಿಕೊಂಡರು, ಮನೆಗಳು ನಿಂತಿವೆ. ಒಂದು ಇಡೀ ಮನೆಯನ್ನು ಬಿಚ್ಚಿ ಇನ್ನೊಂದು ಊರಿನಲ್ಲಿ ನಿಲ್ಲಿಸಲು ಸಾಧ್ಯವಾದರೆ ಶೆಟ್ರ ಚಾವಡಿಯ ನಾಲ್ಕು ಕಂಬ, ಎರಡು ದಾರಂದ ಅದೇ ಮನೆಯಲ್ಲಿ ಉಳಿಯಲು ಏನು ಅಡ್ಡಿ?

ಇನ್ನೊಂದು ಮಾತು ಶೆಟ್ರ ಅಮ್ಮನನ್ನು ನೆನೆದು ಹೇಳಿದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮೊದಲು ನಮ್ಮವರು ಬಾಲಾಲಯ ಕಟ್ಟುತ್ತಾರೆ. ದೇವರನ್ನು ಅಲ್ಲಿ ಕೂರಿಸಿ, ನಿತ್ಯಪೂಜೆಗೆ ಕೊರತೆಯಾಗದು ಎಂದು ಖಾತ್ರಿಯಾದ ಮೇಲೆಯೇ ಗರ್ಭಗುಡಿಗೆ ಕೈ ಹಾಕುವುದು. 2025ರಲ್ಲಿ ಕಾಪುವಿನ ಹೊಸ ಮಾರಿಗುಡಿಯ ಬ್ರಹ್ಮಕಲಶ ನೋಡಿದವರು ಆ ಇಳಕಲ್ಲಿನ ಕೆಂಪು ಶಿಲೆಯನ್ನು ಹೊಗಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿಯುವುದು ಮೊದಲು ದೇವರಿಗೊಂದು ಜಾಗ ಮಾಡುವ ಈ ಕ್ರಮ. ಮನೆ ರಿಪೇರಿಗೆ ಹೊರಟ ನಾವು ಇದನ್ನೇ ಮರೆಯುತ್ತೇವೆ. ಎಂಬತ್ತರ ಅಮ್ಮ ಎಲ್ಲಿ ಮಲಗಬೇಕು? ಗಂಜಿ ಯಾವ ಒಲೆಯಲ್ಲಿ ಬೇಯಬೇಕು? ರಾತ್ರಿ ಬಚ್ಚಲಿಗೆ ಎದ್ದರೆ ದಾರಿಯಲ್ಲಿ ಜಲ್ಲಿಯ ರಾಶಿ ಇರಬಾರದು. ಅಮ್ಮನ ಕೋಣೆಯ ಬಚ್ಚಲು ಮೊದಲು ಆಗಲಿ, ಉಳಿದದ್ದು ಆಮೇಲೆ.

ಶೆಟ್ರು ಕೊಂಚ ಹೊತ್ತು ಸುಮ್ಮನಿದ್ದು, "ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟಾಗಿದೆ," ಎಂದರು.

ಅದೇನೂ ಹಾಳಾಗುವುದಿಲ್ಲ. ಬಚ್ಚಲಿನ ಕೆಲಸಕ್ಕೆ ಅದು ಹೋಗಲಿ, ಅದಕ್ಕೆ ಹದಿನೈದು ದಿನ ಸಾಕು. ಹಿತ್ತಿಲಿನ ಹಲಸನ್ನು ಈಗಲೇ ಸಿಗಿಸಿ, ಹಲಗೆಗಳ ನಡುವೆ ರೀಪಿನ ತುಂಡು ಕೊಟ್ಟು ಗಾಳಿಯಾಡುವ ಹಾಗೆ ಅಟ್ಟದಲ್ಲಿ ಪೇರಿಸಿಟ್ಟರೆ ಮಳೆಗಾಲ ಕಳೆದು ಬೇಸಗೆ ಬರುವ ಹೊತ್ತಿಗೆ ಮರ ಹದಕ್ಕೆ ಬರುತ್ತದೆ. ಹಸಿಮರದ ದಾರಂದ ಬಾಗಿ, ಬಾಗಿಲು ಮುಚ್ಚದೆ ಒದ್ದಾಡುವ ಮನೆ ಎಷ್ಟು ಬೇಕು! ಪುರಸಭೆಯ ಕಾಗದಪತ್ರಕ್ಕೂ ಈ ನಾಲ್ಕು ತಿಂಗಳು ಸಿಗುತ್ತದೆ. ಆಮೇಲೆ ಮಾಡು, ಮಾಡಾದ ಮೇಲೆ ಗೋಡೆ, ಗೋಡೆಯೊಳಗೆ ವಯರು ಮತ್ತು ಪೈಪು, ಅದರ ಮೇಲೆ ಸಾರಣೆ, ಕೊನೆಗೆ ನೆಲ ಮತ್ತು ಬಣ್ಣ. ನೆಲಕ್ಕೆ ಟೈಲ್ಸ್ ಹಾಕಿ ಆಮೇಲೆ ಪೈಪಿಗೆಂದು ಒಡೆಯುವುದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಲೆಕ್ಕದ ಪುಸ್ತಕ ಮನೆಯವರ ಕೈಯಲ್ಲೇ ಇರಲಿ, ಕೈಗೆ ಬಂದ ಎಸ್ಟಿಮೇಟಿನ ಮೇಲೆ ಐದರಲ್ಲೊಂದು ಪಾಲು ಬೇರೆ ಎತ್ತಿಡಿ ಎಂದೂ ಹೇಳಿದೆ. ಹಳೆಯ ಗೋಡೆ ಕೆತ್ತುವವರೆಗೆ ಒಳಗೇನಿದೆ ಎಂದು ಯಾವ ಮೇಸ್ತ್ರಿಗೂ ಗೊತ್ತಿರುವುದಿಲ್ಲ.

ಕತ್ತಲಾಗುವ ಮೊದಲು ನಮ್ಮ ಏಣಿಯನ್ನು ಪಾಗಾರ ದಾಟಿಸಿದೆ. ಶೆಟ್ರು ಜಗಲಿಯ ಮಾಡಿನಿಂದ ಒಂದು ಹಂಚು ಮೆಲ್ಲನೆ ಎತ್ತಿ ಮಗುಚಿ, ಪಂಚೆಯ ತುದಿಯಿಂದ ಪಾಚಿ ಒರಸಿದರು. ಬಾಸೆಲ್ ಮಿಷನ್ನಿನ ಮೊಹರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮಿಷನ್ನಿನವರು ಆಮೇಲೆ ಮಲ್ಪೆಯಲ್ಲೂ ಹಂಚು ಸುಟ್ಟವರು. ಹೊಸ ಕಂಪೆನಿಯ ಹಂಚಿನ ಗೀರು ಇದಕ್ಕೆ ಕೂರುವುದಿಲ್ಲ, ಹಳೆಮನೆ ಬಿಚ್ಚುವಲ್ಲಿ ಇದೇ ಮೊಹರಿನದು ಇನ್ನೂರು ಕೊಂಡಿಟ್ಟುಕೊಳ್ಳಿ ಎಂದೆ. ಶೆಟ್ರು ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಸ್ವಲ್ಪ ಹೊತ್ತು ಏಣಿಯ ಮೇಲೆಯೇ ನಿಂತಿದ್ದರು. ಆಮೇಲೆ ಹಂಚನ್ನು ಇದ್ದಲ್ಲೇ ಕೂರಿಸಿ ಕೆಳಗೆ ಬಗ್ಗಿ ಕೇಳಿದರು:

"ಮಾಸ್ಟ್ರೇ, ನಿಮ್ಮ ಆ ಬಡಗಿ ದೀಪಾವಳಿ ಕಳೆದು ಬರ್ತಾರಾ? ಈಗಲೇ ಹೇಳಿಡುವುದಾ?"